ರಾಷ್ಟ್ರಪತಿಯ ಮತಕ್ಕೆ ಯಾವ ಜನಗಣತಿ?

ಮೂಡಿಗೆರೆಯ ಶಾಸಕರು 2022ರ ರಾಷ್ಟ್ರಪತಿ ಚುನಾವಣೆಯಲ್ಲಿ ಹಾಕಿದ ಮತದ ಮೌಲ್ಯ 131. ಉತ್ತರ ಪ್ರದೇಶದ ಶಾಸಕರದು 208, ಕೇರಳದವರದು 152, ಸಿಕ್ಕಿಂನವರದು ಬರೀ 7. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದಲೂ ಮತ್ತೆ ಸಾವಿರದಿಂದಲೂ ಭಾಗಿಸಬೇಕೆಂಬುದು ಸಂವಿಧಾನದ 55ನೇ ವಿಧಿಯ ಲೆಕ್ಕ. ಆದರೆ ಆ ಜನಸಂಖ್ಯೆ 1971ರದು. 1976ರ 42ನೇ ತಿದ್ದುಪಡಿ ಅದನ್ನು ಅಲ್ಲಿಗೇ ನಿಲ್ಲಿಸಿತು. 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಹಾಗೆಯೇ ಇರಲೆಂದು 2001ರ 84ನೇ ತಿದ್ದುಪಡಿ ನಿಗದಿ ಮಾಡಿತು.

ಆ ತಡೆ ತೆರವಾದರೆ? ಅರ್ಥಶಾಸ್ತ್ರ ಓದಿದವನ ಚಪಲದಿಂದ 2011ರ ಅಂಕಿಗಳನ್ನು ಹಾಕಿ ನೋಡಿದೆ. ಶಾಸಕರ ಸಂಖ್ಯೆ ಬದಲಾಗದಿದ್ದರೆ ನಮ್ಮ 131, 273 ಆಗುತ್ತದೆ. ಉತ್ತರ ಪ್ರದೇಶದ 208, 496ಕ್ಕೆ ಏರುತ್ತದೆ. ಕೇರಳದ ಸುಮಾರು ನಾಲ್ಕು ಪಟ್ಟಿದ್ದ ಆ ರಾಜ್ಯದ ಒಟ್ಟು ಮತಮೌಲ್ಯ ಆರು ಪಟ್ಟಿನ ಸಮೀಪಕ್ಕೆ ಬರುತ್ತದೆ.

ಜನಸಂಖ್ಯೆಯನ್ನು ಹತೋಟಿಗೆ ತಂದವರಿಗೆ ಇದು ದಂಡವೆಂಬ ದೂರು ಹಳೆಯದು. ಕಾಫಿ ಸೀಮೆಗೆ ಅಂಥದರ ಅನುಭವವೂ ಇದೆ. 2008ರಲ್ಲಿ ಜಾರಿಯಾದ ಕ್ಷೇತ್ರ ಮರುವಿಂಗಡಣೆಯಲ್ಲಿ ಬೀರೂರು ಕ್ಷೇತ್ರ ಮರೆಯಾಗಿ ಚಿಕ್ಕಮಗಳೂರು ಜಿಲ್ಲೆಯ ಆರು ವಿಧಾನಸಭಾ ಸ್ಥಾನಗಳು ಐದಾದವು. 1978ರಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿದ ಲೋಕಸಭಾ ಕ್ಷೇತ್ರ ಉಡುಪಿಯೊಡನೆ ಹೆಸರು ಹಂಚಿಕೊಂಡಿತು. 2011ರ ಜನಗಣತಿಯಲ್ಲಂತೂ ಜಿಲ್ಲೆಯ ಜನಸಂಖ್ಯೆಯೇ 11,40,905ರಿಂದ 11,37,961ಕ್ಕೆ ಇಳಿಯಿತು. ಕಳಸದ ಕಡೆ ವೃದ್ಧ ದಂಪತಿಗಳಷ್ಟೇ ಉಳಿದ ಮನೆಗಳನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು.

ಆದರೂ ಲೋಕಸಭೆಯ ಮಟ್ಟಿಗೆ ನಾನು ಈ ದೂರನ್ನು ಪೂರ್ತಿ ಒಪ್ಪಲಾರೆ. ಬಿಹಾರದ ಪ್ರಜೆಯ ಮತದ ತೂಕ ಎಂದೆಂದಿಗೂ ಕಡಿಮೆಯಿರಲಿ ಎನ್ನುವುದು ನ್ಯಾಯವಲ್ಲ. ರಾಷ್ಟ್ರಪತಿಯ ಆಯ್ಕೆಯ ಮಾತು ಬೇರೆ. ಅಲ್ಲಿ ಅರ್ಧ ಮತಮೌಲ್ಯ ಸಂಸದರದು, ಅರ್ಧ ರಾಜ್ಯಗಳ ಶಾಸಕರದು. ಲೋಕಸಭಾ ಸ್ಥಾನಗಳು ಮರುಹಂಚಿಕೆಯಾದರೆ ಹೊಸ ಜನಸಂಖ್ಯೆ ಮೊದಲ ಅರ್ಧದಲ್ಲಿ ಸೇರಿಯೇ ಸೇರುತ್ತದೆ. ಅದನ್ನು ಎರಡನೆಯ ಅರ್ಧದಲ್ಲೂ ಸೇರಿಸುವುದು ಒಂದೇ ಕಾಫಿ ಮೂಟೆಯನ್ನು ಎರಡು ಸಲ ತೂಗಿದಂತೆ. ರಾಜ್ಯಗಳ ಪಾಲನ್ನಾದರೂ 1971ರ ಅಂಕಿಯಲ್ಲೇ ಉಳಿಸಬೇಕು.

ರಾಷ್ಟ್ರಪತಿ ಸಹಿ ಹಾಕುವವರಷ್ಟೇ, ಇಷ್ಟೇಕೆ ಚಿಂತೆ ಎನ್ನುವವರಿದ್ದಾರೆ. 1989ರ ಏಪ್ರಿಲ್‌ನಲ್ಲಿ ಸದನದಲ್ಲಿ ಬಹುಮತ ಸಾಬೀತುಪಡಿಸುವ ಅವಕಾಶವಿಲ್ಲದೆ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾಗೊಂಡದ್ದು ಅಂಥ ಒಂದು ಸಹಿಯಿಂದಲೇ. ಅದು ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 1994 ಬಂದಿತ್ತು. 1997ರಲ್ಲಿ ಉತ್ತರ ಪ್ರದೇಶದ ಕುರಿತ ಅದೇ ಬಗೆಯ ಶಿಫಾರಸನ್ನು ಕೆ.ಆರ್. ನಾರಾಯಣನ್ ಮರುಪರಿಶೀಲನೆಗೆಂದು ಹಿಂತಿರುಗಿಸಿದರು, ಆ ಸರ್ಕಾರ ಉಳಿಯಿತು.

55ನೇ ವಿಧಿಯ ತಿದ್ದುಪಡಿಗೆ ಸಂಸತ್ತಿನ ವಿಶೇಷ ಬಹುಮತದ ಜೊತೆಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಒಪ್ಪಿಗೆಯೂ ಬೇಕು. ಮರುವಿಂಗಡಣೆಯ ಗದ್ದಲದಲ್ಲಿ ಈ ಚಿಕ್ಕ ಬೇಡಿಕೆ ಕಳೆದುಹೋಗುವ ಮುನ್ನ ನಮ್ಮ ವಿಧಾನಸಭೆ ಅದನ್ನು ಪ್ರತ್ಯೇಕ ನಿರ್ಣಯವಾಗಿ ಕೈಗೆತ್ತಿಕೊಳ್ಳಲಿ.