ಗೋಮಾಳದ ಕಳೆಗೆ ವಿಷವೇ ಮದ್ದೆ?

ಹುಲ್ಲುಗಾವಲು ಕೆಟ್ಟಿತೆಂದರೆ ನಾವು ಮೊದಲು ದೂರುವುದು ಮಳೆಯನ್ನು. ಆದರೆ ಶಿಡ್ಲಘಟ್ಟದ ಸುತ್ತಲಿನ ಗೋಮಾಳಗಳನ್ನು ಒಳ್ಳೆಯ ಮಳೆಯಾದ ತಿಂಗಳಲ್ಲಿ ನೋಡಿದವರಿಗೆ ಬೇರೊಂದು ಸಂಗತಿ ಮನದಟ್ಟಾಗುತ್ತದೆ. ನೆಲವೇನೋ ಹಸಿರಾಗಿಯೇ ಇರುತ್ತದೆ. ದನಕ್ಕೆ ಮೇವು ಮಾತ್ರ ಇರುವುದಿಲ್ಲ. ಅನೇಕ ಕಡೆ ಆ ಹಸಿರು ಪಾರ್ಥೇನಿಯಮ್ ಎಂಬ ಕಳೆಯದು. ನಮ್ಮ ಜನ ಇದನ್ನು ಕಾಂಗ್ರೆಸ್ ಗಿಡವೆಂದು ಕರೆಯುತ್ತಾರೆ.

ಈ ಕಳೆಯ ಮೇಲೆ ಕಳೆನಾಶಕವನ್ನು ಸಿಂಪಡಿಸಿಬಿಟ್ಟರೆ ಒಂದೇ ದಿನದಲ್ಲಿ ಕೆಲಸ ಮುಗಿಯಿತಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ರೇಷ್ಮೆಯ ಸೀಮೆಯಾದ ಶಿಡ್ಲಘಟ್ಟಕ್ಕೆ ಈ ಸುಲಭೋಪಾಯ ತಕ್ಕುದಲ್ಲವೆಂಬುದೂ, ಸಕಾಲದಲ್ಲಿ ಕೀಳುವುದು ಹಾಗೂ ಹುಲ್ಲಿಗೆ ವಿಶ್ರಾಂತಿ ಕೊಡುವುದು ಇವೆರಡೇ ಇಲ್ಲಿನ ಗೋಮಾಳಕ್ಕೆ ನಿಜವಾದ ಮದ್ದೆಂಬುದೂ ನನ್ನ ಅಭಿಪ್ರಾಯ. ಭೌತಶಾಸ್ತ್ರದ ಅಧ್ಯಾಪಕನಿಗೆ ಕಳೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಹನಿ ಬೀಳುವ ವೇಗ, ಗಾಳಿ ಒಯ್ಯುವ ದೂರ, ಸಂಖ್ಯೆ ಬೆಳೆಯುವ ಕ್ರಮ ಇವೆಲ್ಲ ಲೆಕ್ಕದ ವಿಷಯಗಳು. ಈ ಪ್ರಶ್ನೆಯ ತೀರ್ಮಾನ ಬಹುಮಟ್ಟಿಗೆ ಆ ಲೆಕ್ಕವನ್ನೇ ಅವಲಂಬಿಸಿದೆ.

ಮೊದಲು ಕಳೆಯ ಪರಿಚಯ. ಪಾರ್ಥೇನಿಯಮ್‌ನ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ೧೯೫೦ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಇದು ನಮ್ಮ ಸಸ್ಯಶಾಸ್ತ್ರಜ್ಞರ ಗಮನಕ್ಕೆ ಬಂದಿತು. ಎರಡು ದಶಕಗಳೊಳಗೆ ಕರ್ನಾಟಕದ ಹಾದಿಬದಿ, ಬಯಲು, ಹೊಲಗಳನ್ನೆಲ್ಲ ಆಕ್ರಮಿಸಿತು. ೧೯೭೫ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಾನೂನಿನ ಪ್ರಕಾರ ಹಾನಿಕರ ಕಳೆಯೆಂದು ಘೋಷಿಸಿತು. ಘೋಷಣೆಗೆ ಗಿಡ ಹೆದರಲಿಲ್ಲವೆಂಬುದು ಎಲ್ಲರೂ ಬಲ್ಲ ವಿಷಯ. ಇದರಲ್ಲಿರುವ ಪಾರ್ಥೇನಿನ್ ಎಂಬ ವಸ್ತು ಮನುಷ್ಯರ ಚರ್ಮಕ್ಕೆ ತುರಿಕೆ, ಉರಿಗಳನ್ನು ತರುತ್ತದೆ. ಪರಾಗವು ಉಸಿರಾಟದ ತೊಂದರೆಯನ್ನು ಉಂಟುಮಾಡಬಲ್ಲದು. ದನ ಎಮ್ಮೆಗಳ ಆಹಾರದಲ್ಲಿ ಈ ಗಿಡ ನೂರಕ್ಕೆ ಹತ್ತರಿಂದ ಐವತ್ತು ಪಾಲಿನಷ್ಟು ಬೆರೆತರೆ ಒಂದು ತಿಂಗಳೊಳಗೆ ಸಾವು ಸಂಭವಿಸಬಹುದೆಂದು ೧೯೭೭ರಲ್ಲಿ ಪ್ರಕಟವಾದ ಬೆಂಗಳೂರಿನ ವಿಜ್ಞಾನಿಗಳ ಪ್ರಯೋಗಗಳು ತೋರಿಸಿದುವು. ಅಷ್ಟು ತಿನ್ನದ ಹಸುವಿನ ಹಾಲಿಗೂ ಕಹಿ ತಟ್ಟುವುದುಂಟು.

ಪಶುಗಳು ಸಾಮಾನ್ಯವಾಗಿ ಈ ಗಿಡವನ್ನು ಮುಟ್ಟುವುದಿಲ್ಲ. ಇದು ಅವುಗಳ ಅದೃಷ್ಟ. ಆದರೆ ಗೋಮಾಳದ ದುರದೃಷ್ಟವೂ ಇದೇ. ದನ ರುಚಿಯಾದ ಹುಲ್ಲನ್ನು ಆರಿಸಿ ತಿನ್ನುತ್ತದೆ, ಕಹಿಯಾದ ಕಳೆಯನ್ನು ಬಿಡುತ್ತದೆ. ಹೀಗೆ ದಿನವೂ ಆರಿಸುತ್ತ ಹೋದರೆ ಉಳಿಯುವುದು ಯಾವುದು? ಕುದುರೆಗಳ ಹುಲ್ಲುಗಾವಲಿನಲ್ಲಿ ಈ ನಿಯಮ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹೈದರ್ ಮತ್ತು ಟಿಪ್ಪುವಿನ ಕಾಲದ ಅಶ್ವದಳದೊಂದಿಗೆ ಹೆಸರು ಬೆಸೆದುಕೊಂಡಿರುವ ಕುಣಿಗಲ್ಲಿನ ಕುದುರೆ ಫಾರಮ್ಮನ್ನು ನಮ್ಮ ವಿದ್ಯಾರ್ಥಿಗಳು ಕೇಳಿಯೇ ಇರುತ್ತಾರೆ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲ. ಅದು ನಾಲಗೆಯಿಂದ ಹುಲ್ಲನ್ನು ಸುತ್ತಿ ಎಳೆಯುತ್ತದೆ. ಕುದುರೆಗೆ ಮೇಲೂ ಕೆಳಗೂ ಬಾಚಿಹಲ್ಲುಗಳಿರುವುದರಿಂದ ಅದು ಹುಲ್ಲನ್ನು ನೆಲಕ್ಕೆ ಸಮನಾಗಿ ಕತ್ತರಿಸಬಲ್ಲದು. ಇದಲ್ಲದೆ ತಾನು ಲದ್ದಿ ಹಾಕಿದ ತಾಣದಲ್ಲಿ ಕುದುರೆ ಮೇಯುವುದಿಲ್ಲ. ಆದಕಾರಣ ಕುದುರೆಗಳನ್ನು ಸದಾ ಒಂದೇ ಬಯಲಿಗೆ ಬಿಟ್ಟರೆ ಒಂದು ಭಾಗ ಬೋಳಾಗುತ್ತದೆ, ಇನ್ನೊಂದು ಭಾಗ ಕಳೆಯ ಮೆಳೆಯಾಗುತ್ತದೆ. ಇದನ್ನು ಬಲ್ಲ ಕುದುರೆ ಸಾಕಣೆಗಾರರು ಲದ್ದಿಯನ್ನು ಎತ್ತಿಸುತ್ತಾರೆ, ಬಯಲನ್ನು ಭಾಗ ಮಾಡಿ ಸರದಿಯಲ್ಲಿ ಮೇಯಿಸುತ್ತಾರೆ, ಕುದುರೆ ಬಿಟ್ಟುದನ್ನು ಮೇಯಲು ದನ ಕುರಿಗಳನ್ನು ಹಿಂದೆ ಬಿಡುತ್ತಾರೆ. ಅವರು ಕಳೆಯನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಹುಲ್ಲನ್ನು ಕಾಯುತ್ತಾರೆ. ಬೆಲೆಬಾಳುವ ಕುದುರೆಗೆ ಸಲ್ಲುವ ಈ ವಿವೇಕ ನಮ್ಮ ಊರ ಹಸುವಿಗೇಕೆ ಸಲ್ಲಬಾರದು?

ಇನ್ನು ಸಿಂಪಡಣೆಯ ವಿಚಾರ. ಸಿಂಪಡಿಸುವ ಯಂತ್ರದ ಮೂತಿಯಿಂದ ಹೊರಡುವ ಹನಿಗಳೆಲ್ಲ ಒಂದೇ ಗಾತ್ರದವಲ್ಲ. ಸಣ್ಣ ಹನಿ ಗಾಳಿಯಲ್ಲಿ ಬೀಳುವಾಗ ಅದರ ತೂಕಕ್ಕೂ ಗಾಳಿಯ ತಡೆಗೂ ಬೇಗನೆ ಸಮತೂಕ ಉಂಟಾಗಿ, ಅಲ್ಲಿಂದ ಮುಂದೆ ಅದು ಒಂದೇ ವೇಗದಲ್ಲಿ ಇಳಿಯುತ್ತದೆ. ಸ್ಟೋಕ್ಸ್‌ನ ನಿಯಮದಂತೆ ಈ ವೇಗ ಹನಿಯ ವ್ಯಾಸದ ವರ್ಗಕ್ಕೆ ಅನುಗುಣವಾದುದು. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ವ್ಯಾಸದ ಹನಿ ಸೆಕೆಂಡಿಗೆ ಸುಮಾರು ಕಾಲು ಮೀಟರು ಇಳಿಯುತ್ತದೆ. ಒಂದು ಮೀಟರು ಎತ್ತರದಿಂದ ನೆಲ ಮುಟ್ಟಲು ಅದಕ್ಕೆ ನಾಲ್ಕು ಸೆಕೆಂಡು ಬೇಕು. ಎಲೆ ಅಲುಗುವಷ್ಟು ಮಂದವಾಗಿ, ಸೆಕೆಂಡಿಗೆ ಎರಡು ಮೀಟರಿನಂತೆ ಗಾಳಿ ಬೀಸುತ್ತಿದ್ದರೆ ಆ ಹನಿ ೮ ಮೀಟರು ದೂರ ಸಾಗಿರುತ್ತದೆ. ಮಿಲಿಮೀಟರಿನ ಐವತ್ತನೆಯ ಒಂದು ಭಾಗದ ಹನಿಯಾದರೋ ಸೆಕೆಂಡಿಗೆ ೧.೨ ಸೆಂಟಿಮೀಟರು ಮಾತ್ರ ಇಳಿಯುತ್ತದೆ. ನೆಲ ಸೇರಲು ಅದಕ್ಕೆ ೮೦ ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಅದೇ ಮಂದಮಾರುತ ಅದನ್ನು ೧೬೦ ಮೀಟರಿಗೂ ಆಚೆ ಒಯ್ದಿರುತ್ತದೆ. ದಾರಿಯಲ್ಲಿ ನೀರು ಆರಿ ಹನಿ ಇನ್ನೂ ಕಿರಿದಾದರೆ ಪಯಣ ಇನ್ನೂ ದೀರ್ಘವಾಗುತ್ತದೆ.

ಶಿಡ್ಲಘಟ್ಟದ ಸೀಮೆಯಲ್ಲಿ ಗೋಮಾಳದಿಂದ ೧೬೦ ಮೀಟರು ದೂರದಲ್ಲಿ ಏನಿರುತ್ತದೆ? ಬಹಳ ಕಡೆ ಹಿಪ್ಪುನೇರಳೆ ತೋಟ. ೨,೪-ಡಿ ಎಂಬ ಕಳೆನಾಶಕ ಹುಲ್ಲನ್ನು ಉಳಿಸಿ ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ಗೋಮಾಳಕ್ಕೆ ತಕ್ಕುದೆಂದು ಇದನ್ನು ಹೊಗಳುವುದು ಈ ಗುಣಕ್ಕಾಗಿಯೇ. ಆದರೆ ಹಿಪ್ಪುನೇರಳೆಯೂ ಅಗಲ ಎಲೆಯ ಗಿಡವಷ್ಟೆ! ಗ್ಲೈಫೊಸೇಟ್ ಎಂಬ ಇನ್ನೊಂದು ಕಳೆನಾಶಕ ಹುಲ್ಲನ್ನೂ ಉಳಿಸುವುದಿಲ್ಲ. ಬೋಳಾದ ಆ ನೆಲದಲ್ಲಿ ಮುಂದಿನ ಮಳೆಗೆ ಮೊದಲು ತಲೆಯೆತ್ತುವುದು ಪಾರ್ಥೇನಿಯಮ್ಮೇ. ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪಲ್ಲದೆ ಬೇರೆ ಆಹಾರವಿಲ್ಲ. ನಾಲ್ಕನೆಯ ಜ್ವರವೆದ್ದ ಮೇಲಿನ ಸುಮಾರು ಒಂದು ವಾರದಲ್ಲಿ ಅದು ತನ್ನ ಜೀವಮಾನದ ಆಹಾರದ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ತಿಂದು ಮುಗಿಸುತ್ತದೆ. ಆ ವಾರದಲ್ಲಿ ಸೊಪ್ಪು ಸುರುಟಿಕೊಂಡರೆ, ಅಥವಾ ಅದಕ್ಕೆ ಏನು ತಗುಲಿದೆಯೋ ಎಂಬ ಶಂಕೆ ಹುಟ್ಟಿದರೆ, ರೈತನು ಹುಳುಗಳಿಗೆ ಏನನ್ನು ಹಾಕಬೇಕು? ಗೂಡಿನ ಮಾರುಕಟ್ಟೆಯನ್ನು ನಂಬಿ ಸಾಲ ಮಾಡಿದವನಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ತೋಟಗಳಿಂದ ಬಹುದೂರದ ಬಯಲಿನಲ್ಲಿ, ಗಾಳಿಯಿಲ್ಲದ ವೇಳೆಯಲ್ಲಿ, ದಪ್ಪ ಹನಿಯ ಮೂತಿಗೆ ಮರೆ ಕಟ್ಟಿ ಎಚ್ಚರದಿಂದ ಸಿಂಪಡಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅಂಥ ಬಯಲು ಈ ಸೀಮೆಯಲ್ಲಿ ವಿರಳ.

ಕೈಯಿಂದ ಕಿತ್ತು ಮುಗಿಯುವ ಕೆಲಸವೇ ಇದು ಎಂಬ ಪ್ರಶ್ನೆ ಸಹಜವಾದುದೇ. ಇಲ್ಲಿ ಎರಡನೆಯ ಲೆಕ್ಕವನ್ನು ನೋಡೋಣ. ಚೆನ್ನಾಗಿ ಬೆಳೆದ ಒಂದು ಗಿಡ ಹದಿನೈದು ಸಾವಿರ ಬೀಜಗಳನ್ನು ಕೊಡಬಲ್ಲದು. ಸಾವಿರಕ್ಕೆ ಒಂದು ಬೀಜ ಮಾತ್ರ ಗಿಡವಾಗುತ್ತದೆಂದು ಭಾವಿಸಿದರೂ ಒಂದು ಗಿಡ ಹದಿನೈದಾಗುತ್ತದೆ. ಮಳೆ ಅನುಕೂಲವಾಗಿ ವರ್ಷಕ್ಕೆ ಎರಡು ಪೀಳಿಗೆಗಳಾದರೆ ೧೫ × ೧೫, ಅಂದರೆ ೨೨೫. ಈಗ ಪ್ರತಿ ಪೀಳಿಗೆಯಲ್ಲಿಯೂ ಹತ್ತರಲ್ಲಿ ಒಂಬತ್ತು ಗಿಡಗಳನ್ನು ಬೀಜ ಕಟ್ಟುವ ಮುನ್ನ ಕಿತ್ತೆವೆನ್ನಿ. ಹದಿನೈದರಲ್ಲಿ ಉಳಿಯುವುದು ಒಂದೂವರೆ; ಎಂದರೆ ಕಳೆ ಇನ್ನೂ ಬೆಳೆಯುತ್ತಲೇ ಇದೆ! ಹದಿನೈದಕ್ಕೆ ಹದಿನಾಲ್ಕನ್ನು ಕಿತ್ತಾಗ ಮಾತ್ರ ಅದು ಇದ್ದಲ್ಲಿಯೇ ನಿಲ್ಲುತ್ತದೆ. ಹೂ ಬಲಿತು ಬೀಜ ಉದುರಿದ ಮೇಲಾದರೋ ಹದಿನೈದನ್ನೂ ಕಿತ್ತರೂ ಫಲ ಸೊನ್ನೆ. ಆದ್ದರಿಂದ ಎಷ್ಟು ಕಿತ್ತೆವೆಂಬುದಕ್ಕಿಂತ ಯಾವಾಗ ಕಿತ್ತೆವೆಂಬುದೂ, ಏನನ್ನೂ ಬಿಡದೆ ಕಿತ್ತೆವೇ ಎಂಬುದೂ ಮುಖ್ಯ.

ಪ್ರತಿ ವರ್ಷ ಆಗಸ್ಟ್ ೧೬ರಿಂದ ೨೨ರವರೆಗೆ ದೇಶದಲ್ಲೆಲ್ಲ ಪಾರ್ಥೇನಿಯಮ್ ಜಾಗೃತಿ ಸಪ್ತಾಹವನ್ನು ಆಚರಿಸುವ ರೂಢಿಯುಂಟು. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಸೀಮೆಗೆ ಮೊದಲ ಹದವಾದ ಮಳೆ ಏಪ್ರಿಲ್, ಮೇ ತಿಂಗಳಲ್ಲಿ. ಮುಖ್ಯವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮೊಳೆತ ಒಂದು ಒಂದೂವರೆ ತಿಂಗಳಲ್ಲಿಯೇ ಹೂ ಬಿಡುವ ಗಿಡಕ್ಕೆ ಮೇ ತಿಂಗಳಿನಿಂದ ಆಗಸ್ಟಿನವರೆಗಿನ ಅವಧಿ ಬೇಕಾದಷ್ಟಾಯಿತು. ನಾವು ಭಾಷಣ ಮಾಡಿ ಕೀಳಲು ಹೊರಡುವ ಹೊತ್ತಿಗೆ ಅದು ಬೀಜವನ್ನು ಬಿತ್ತಿ ಮುಗಿಸಿರುತ್ತದೆ. ಶಿಡ್ಲಘಟ್ಟದ ಸಪ್ತಾಹಗಳು ಎರಡಾಗಬೇಕು: ಮೊದಲ ಮಳೆಯಾದ ಮೂರು ವಾರಕ್ಕೆ ಒಂದು, ಹಿಂಗಾರಿನ ಮೊದಲ ಮಳೆಯಾದ ಮೂರು ವಾರಕ್ಕೆ ಇನ್ನೊಂದು. ನೆಲ ತೇವವಾಗಿರುವಾಗ ಬೇರುಸಹಿತ ಕೀಳಬೇಕು. ಕುಡುಗೋಲಿನಿಂದ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೈಗೆ ಗವಸು, ಮೈಗೆ ತುಂಬುತೋಳಿನ ಅಂಗಿ ಇರಲೇಬೇಕು. ತುರಿಕೆ, ಉಬ್ಬಸಗಳಿರುವವರು ಈ ಕೆಲಸದಿಂದ ದೂರವಿರಬೇಕು. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು.

ಇದರಲ್ಲಿ ನಮಗೆ ಒಂದು ಕೀಟದ ನೆರವೂ ಉಂಟು. ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾದ ಮೆಕ್ಸಿಕೋ ದೇಶದ ಜೀರುಂಡೆ ಪಾರ್ಥೇನಿಯಮ್‌ನ ಎಲೆಗಳನ್ನು ತಿಂದು ಗಿಡವನ್ನು ಬರಲು ಮಾಡುತ್ತದೆ. ಆದರೆ ಬೇಸಗೆಯಲ್ಲಿ ಅದು ಮಣ್ಣಿನೊಳಗೆ ಮಲಗಿರುತ್ತದೆ. ಮಳೆ ಹಿಡಿದ ಮೇಲೆ ಎದ್ದು ಸಂತತಿಯನ್ನು ಬೆಳೆಸಿಕೊಳ್ಳುವಷ್ಟರಲ್ಲಿ ಮೊದಲ ಪೀಳಿಗೆಯ ಗಿಡಗಳು ಮುಂದೆ ಹೋಗಿರುತ್ತವೆ. ತಗಚೆಯಂಥ ಗಿಡಗಳನ್ನು ಬೆಳೆಸಿ ಪಾರ್ಥೇನಿಯಮ್ಮನ್ನು ಅದುಮುವ ಉಪಾಯವೂ ಇದೆ. ಹಾದಿಬದಿಗೆ ಅದು ಸರಿ, ಗೋಮಾಳಕ್ಕೆ ಸಲ್ಲದು. ತಗಚೆಯನ್ನೂ ದನ ಇಷ್ಟಪಟ್ಟು ಮೇಯುವುದಿಲ್ಲವಲ್ಲ.

ಗೋಮಾಳದಲ್ಲಿ ಕಳೆಯ ನಿಜವಾದ ಪ್ರತಿಸ್ಪರ್ಧಿ ಹುಲ್ಲೇ. ಗರಿಕೆಯೂ ಇತರ ಹುಲ್ಲುಗಳೂ ದಟ್ಟವಾಗಿ ಹೆಣೆದುಕೊಂಡ ನೆಲದಲ್ಲಿ ಕಳೆಯ ಸಸಿಗೆ ಬೆಳಕೂ ಸಿಗದು, ಬೇರಿಗೆ ತಾಣವೂ ಸಿಗದು. ಹುಲ್ಲು ಹಾಗೆ ಹೆಣೆಯಬೇಕಾದರೆ ಅದಕ್ಕೆ ವಿಶ್ರಾಂತಿ ಬೇಕು. ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ಹಿಂಡುಗಳನ್ನು ಋತುವಿಗೆ ತಕ್ಕಂತೆ ಸಾಗಿಸುತ್ತಿದ್ದರು. ಗ್ರಾಮದ ಗೋಮಾಳವನ್ನೂ ಮೂರು ಭಾಗ ಮಾಡಿ, ಮಳೆ ಬಿದ್ದೊಡನೆ ಒಂದು ಭಾಗಕ್ಕೆ ಹುಲ್ಲು ತೆನೆಗಟ್ಟುವವರೆಗೆ ದನ ಕುರಿಗಳನ್ನು ಬಿಡದೆ ಕಾಯುವುದು ಅಸಾಧ್ಯವೇನಲ್ಲ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಊರಿನ ಒಮ್ಮತ. ಒಬ್ಬನ ಕುರಿ ಒಳಹೊಕ್ಕರೆ ಎಲ್ಲರ ಕಟ್ಟುಪಾಡೂ ಮುರಿಯುತ್ತದೆ. ಆದುದರಿಂದ ಈ ಹೊಣೆಯನ್ನು ಗ್ರಾಮ ಪಂಚಾಯಿತಿ ವಹಿಸಿಕೊಳ್ಳಬೇಕು. ಮಣ್ಣಿನಲ್ಲಿ ಹುದುಗಿದ ಬೀಜ ಹಲವು ವರ್ಷ ಜೀವ ಹಿಡಿದಿರುವುದರಿಂದ ಒಂದು ವರ್ಷದ ಉತ್ಸಾಹ ಸಾಲದೆಂಬುದನ್ನೂ ಮರೆಯಬಾರದು.

ವಿದ್ಯಾರ್ಥಿಗಳು ನನ್ನ ಮಾತನ್ನು ಸುಮ್ಮನೆ ನಂಬಬೇಕಾಗಿಲ್ಲ. ಪಂಚಾಯಿತಿಯ ಒಪ್ಪಿಗೆ ಪಡೆದು, ಗೋಮಾಳದಲ್ಲಿ ಒಂದೊಂದು ಮೀಟರು ಉದ್ದಗಲದ ಕೆಲವು ಚೌಕಗಳನ್ನು ಗುರುತಿಸಿ. ಅರ್ಧದಷ್ಟಕ್ಕೆ ಮುಳ್ಳಿನ ಬೇಲಿ ಕಟ್ಟಿ, ಉಳಿದವನ್ನು ಹಾಗೆಯೇ ಬಿಡಿ. ಎಲ್ಲ ಚೌಕಗಳಲ್ಲಿಯೂ ಮೊದಲ ಮಳೆಯ ತರುವಾಯ ಒಮ್ಮೆ ಕಳೆಯನ್ನು ಪೂರ್ತಿ ಕೀಳಿ. ಅನಂತರ ತಿಂಗಳಿಗೊಮ್ಮೆ ಕಳೆಯ ಸಸಿಗಳನ್ನು ಮುಟ್ಟದೆ ಎಣಿಸಿ, ಅಂಕಿಗಳನ್ನು ಬರೆದಿಡಿ. ಎರಡು ಮಳೆಗಾಲ ಕಳೆದ ಮೇಲೆ ಆ ಅಂಕಿಗಳನ್ನು ಪಂಚಾಯಿತಿಯ ಸಭೆಯಲ್ಲಿ ಓದಿರಿ. ಸಿಂಪಡಿಸುವ ಡಬ್ಬಿಯನ್ನು ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಅಲ್ಲಿಂದ ಮುಂದೆ ನಡೆಯಲಿ.