ಅಲಾಯ್ ಹಾಕಿಸುವ ಮುನ್ನ ನಡುವಿನ ತೂತನ್ನೂ ಅಳೆಸಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾರು ಮಾಲೀಕರಲ್ಲಿ, ಚಾಲಕರಲ್ಲಿ, ಗ್ಯಾರೇಜಿನವರಲ್ಲಿ ಒಂದು ವಿನಂತಿ.

ಕಾರಿಗೆ ಚೆಂದದ ಅಲಾಯ್ ಗಾಲಿ ಹಾಕಿಸುವ ಆಸೆ ಸಹಜ. ಹೊಸ ಸೆಟ್ಟು ದುಬಾರಿಯಾದಾಗ ಬೇರೆ ಕಾರಿನಿಂದ ಬಿಚ್ಚಿದ್ದನ್ನು ಕೊಳ್ಳುವುದರಲ್ಲೂ ತಪ್ಪಿಲ್ಲ. ಕೊಳ್ಳುವಾಗ ಎಷ್ಟು ಇಂಚು, ಎಷ್ಟು ನಟ್ಟು ಎಂದು ಎಲ್ಲರೂ ಕೇಳುತ್ತೇವೆ. ತಿಳಿದವರು ಪಿಸಿಡಿಯನ್ನೂ, ಅಂದರೆ ನಟ್ಟುಗಳು ಕೂರುವ ವೃತ್ತದ ವ್ಯಾಸವನ್ನೂ, ವಿಚಾರಿಸುತ್ತಾರೆ. ದಯವಿಟ್ಟು ಇನ್ನೊಂದನ್ನು ಕೇಳಿ: ಗಾಲಿಯ ನಡುವಿನ ತೂತು, ಅಂದರೆ ಸೆಂಟರ್ ಬೋರ್, ಎಷ್ಟು ಮಿಲಿಮೀಟರ್?

ಮಾರುತಿ ಬ್ರೆಝಾ ಮತ್ತು ಹ್ಯುಂಡೈ ಕ್ರೆಟಾ ಎರಡಕ್ಕೂ ಐದು ನಟ್ಟು, ಎರಡರ ಪಿಸಿಡಿಯೂ 114.3 ಮಿ.ಮೀ. ಆದರೆ ಬ್ರೆಝಾದ ಸೆಂಟರ್ ಬೋರ್ 60.1 ಮಿ.ಮೀ., ಕ್ರೆಟಾದ್ದು 67.1. ಕ್ರೆಟಾದ ಗಾಲಿ ಬ್ರೆಝಾಕ್ಕೆ ಸಲೀಸಾಗಿ ಏರುತ್ತದೆ, ಆದರೆ ಗಾಲಿ ಕೂರುವ ಹಬ್‌ನ ಸುತ್ತ ಸಡಿಲ ಉಳಿಯುತ್ತದೆ. ಸ್ವಿಫ್ಟ್ ಮತ್ತು ಹಳೆಯ ಹೋಂಡಾ ಸಿಟಿಯ ನಡುವಿನ ವ್ಯತ್ಯಾಸ ಎರಡೇ ಮಿಲಿಮೀಟರ್: 54.1, 56.1. ಅದು ಕಣ್ಣಿಗೆ ಕಾಣುವಂಥದ್ದಲ್ಲ.

ತೂತು ದೊಡ್ಡದಾದರೆ ಗಾಲಿಯನ್ನು ಸರಿಯಾಗಿ ನಡುವಿಗೆ ತರುವ ಕೆಲಸ ಪೂರ್ತಿ ನಟ್ಟುಗಳ ಮೇಲೆ ಬೀಳುತ್ತದೆ. ಬಿಗಿಯುವಾಗ ಕೂದಲೆಳೆಯಷ್ಟು ಸರಿದರೂ ಸಾಕು. ಪೇಟೆಯೊಳಗೆ ಏನೂ ಗೊತ್ತಾಗುವುದಿಲ್ಲ. ಬಿ.ಸಿ. ರೋಡ್ ದಾಟಿ ಹೆದ್ದಾರಿಯಲ್ಲಿ ವೇಗ ಎಂಬತ್ತರ ಹತ್ತಿರ ಬಂದಾಗ ಸ್ಟೇರಿಂಗ್ ನಡುಗತೊಡಗುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ನಿಲ್ಲುವುದಿಲ್ಲ. ಕಾರಣ ಸರಳ: ಬ್ಯಾಲೆನ್ಸಿಂಗ್ ಯಂತ್ರ ಸಾಮಾನ್ಯವಾಗಿ ಗಾಲಿಯನ್ನು ಹಿಡಿಯುವುದೇ ಆ ನಡುವಿನ ತೂತಿನಿಂದ. ಯಂತ್ರದ ಮೇಲೆ ಅದು ಸರಿಯಾಗಿ ತಿರುಗುತ್ತದೆ, ಕಾರಿನಲ್ಲಿ ನಡು ತಪ್ಪಿ ಕೂರುತ್ತದೆ. ಹೀಗೆ ಎಷ್ಟೋ ಜನ ಟೈರನ್ನೇ ಅನುಮಾನಿಸಿ ಬದಲಾಯಿಸುತ್ತಾರೆ. ನಡುಕ ಮುಂದುವರಿದರೆ ನಟ್ಟು ಸಡಿಲಾಗುವ ಭಯವೂ ಇದೆ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಹಬ್‌ಗೂ ಗಾಲಿಗೂ ನಡುವೆ ಕೂರುವ ಸೆಂಟ್ರಿಂಗ್ ರಿಂಗ್ ಸಿಗುತ್ತದೆ. ಒಳ ಅಳತೆ ನಿಮ್ಮ ಹಬ್‌ಗೆ, ಹೊರ ಅಳತೆ ಗಾಲಿಗೆ ಹೊಂದಬೇಕು. ನಾಲ್ಕೂ ಗಾಲಿಗೆ ಹಾಕಿಸಿ. ನೀವು ಚಾರ್ಮಾಡಿ, ಶಿರಾಡಿ ಇಳಿಯುವವರು. ಘಾಟಿಯಲ್ಲಿ ಬ್ರೇಕ್ ಕಾಯ್ದು ಹಬ್ ಬಿಸಿಯಾಗುವುದರಿಂದ ಪ್ಲಾಸ್ಟಿಕ್‌ಗಿಂತ ಅಲ್ಯೂಮಿನಿಯಂ ರಿಂಗ್ ಒಳ್ಳೆಯದೆಂದು ನನ್ನ ಅಭಿಪ್ರಾಯ.

ತೂತು ಚಿಕ್ಕದಾದರೆ ಮಾತು ಬೇರೆ. ಆಗ ಗಾಲಿ ಹಬ್‌ನ ಮುಖಕ್ಕೆ ಒರಗಿ ಕೂರುವುದೇ ಇಲ್ಲ. ನಟ್ಟು ಬಿಗಿಯಾದಂತೆ ಕೈಗೆ ಅನ್ನಿಸುತ್ತದೆ, ಒಳಗೆ ಸಂದಿ ಉಳಿದಿರುತ್ತದೆ. ಇದು ನಿಜಕ್ಕೂ ಅಪಾಯ. ಅಂಥ ಗಾಲಿಯನ್ನು ಗ್ರೈಂಡರ್‌ನಿಂದ ಉಜ್ಜಿ ದೊಡ್ಡದು ಮಾಡಿಕೊಡಿ ಎಂದು ಗಿರಾಕಿ ಕೇಳಬಹುದು. ಗ್ಯಾರೇಜಿನ ಅಣ್ಣಂದಿರೇ, ದಯವಿಟ್ಟು ಒಪ್ಪಬೇಡಿ. ಕೈಯಲ್ಲಿ ಉಜ್ಜಿದ ತೂತು ದುಂಡಗಾಗುವುದಿಲ್ಲ, ನಡುವಿಗೂ ಬರುವುದಿಲ್ಲ. ನಿಮ್ಮ ಬಳಿ ವರ್ನಿಯರ್ ಕ್ಯಾಲಿಪರ್ ಇದ್ದರೆ ಗಿರಾಕಿಯ ಎದುರಿಗೇ ಹಬ್ಬನ್ನೂ ಗಾಲಿಯನ್ನೂ ಅಳೆದು ತೋರಿಸಿ. ಅಂಕಿ ಕಂಡವರು ವಾದಿಸುವುದು ಕಡಿಮೆ. ನಿಮ್ಮ ಮಾತಿಗೆ ಊರಿನಲ್ಲಿ ಬೆಲೆಯಿದೆ.

ಮಾಲೀಕರೇ, ಗಾಲಿ ಕೂರಿಸುವಾಗ ಹತ್ತಿರ ನಿಲ್ಲಿ. ಹಬ್‌ನ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆಯಲು ಹೇಳಿ. ಗಾಲಿ ನೆಲ ಮುಟ್ಟುವ ಮೊದಲೇ ನಟ್ಟುಗಳನ್ನು ಎದುರುಬದುರಾಗಿ ಸಮವಾಗಿ ಬಿಗಿಯಲಿ. ಕೊನೆಯ ಬಿಗಿತ ಕಾರಿನ ಕೈಪಿಡಿಯಲ್ಲಿ ಇರುವಷ್ಟೇ ಇರಲಿ. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ.

ಹಳೆಯ ನಟ್ಟುಗಳನ್ನು ಎಸೆಯಬೇಡಿ, ಡಿಕ್ಕಿಯಲ್ಲೇ ಇಟ್ಟುಕೊಳ್ಳಿ. ಅಲಾಯ್‌ನ ನಟ್ಟು ಸ್ಟೆಪ್ನಿಯ ಕಬ್ಬಿಣದ ಗಾಲಿಗೆ ಹೊಂದದೇ ಇರಬಹುದು. ನಮ್ಮ ಮಳೆಗಾಲದ ತೇವಕ್ಕೆ ರಿಂಗ್ ಹಬ್‌ಗೇ ಅಂಟಿಕೊಳ್ಳುವುದೂ ಉಂಟು, ಆಗ ಸ್ಟೆಪ್ನಿ ಸರಿಯಾಗಿ ಕೂರುವುದಿಲ್ಲ. ದಾರಿಯಲ್ಲಿ ಟೈರ್ ಪಂಕ್ಚರ್ ಆದರೆ ಮೊದಲು ಟಾರ್ಚ್ ಹಾಕಿ ಹಬ್ಬನ್ನು ನೋಡಿ. ರಿಂಗ್ ಅಲ್ಲಿದ್ದರೆ ಮೆಲ್ಲನೆ ತಟ್ಟಿ ತೆಗೆದು, ಆಮೇಲೆ ಸ್ಟೆಪ್ನಿ ಹಾಕಿ.