ಎಲ್ಲಾ ಗೇಮಿಗೂ ಒಂದ ಹೆಸರಿಡಬ್ಯಾಡ್ರಿ

ನಮ್ಮ ಬಳಗದಾಗ ಒಂದು ಮಾತು ಹಬ್ಬೇದ, ನನ್ನ ಸಣ್ಣ ಮಗಗ ಗೇಮಿನ ಚಟ ಅದ ಅಂತ. ಅದು ಕನ್ಯಾದವರ ಕಿವಿಗೂ ಮುಟ್ಟಿ, ಹೋದ ವಾರ ಹುಡುಗಿ ತಾಯಿ ಫೋನ್ ಮಾಡಿ, ಮಳಿ ಬೆಳಿ ಎಲ್ಲಾ ಮಾತಾಡಿ, ಕಡೀಕ ಅದನ್ನ ಕೇಳಿದ್ರು. ಅವರಿಗೆ ಯಾರು ಹೇಳಿದ್ರು ಅಂತ ನಾ ಕೇಳೂದಿಲ್ಲ. ಇದನ್ನ ಓದೋರೊಳಗ ಇದ್ದೀರಿ, ಅಷ್ಟು ನನಗ ಗೊತ್ತು. ಉತ್ತರ ಮಾತ್ರ ಎಲ್ಲಾರಿಗೂ ಕೊಡ್ತೇನಿ.

ಎದುರುಮನಿ ಅಕ್ಕಾರು "ಸರಕಾರನ ಗೇಮ್ ಬಂದ್ ಮಾಡೇದಲ್ಲಾ" ಅಂದ್ರು. ಅಕ್ಕಾರ, 2025ರಾಗ ಕಾಯ್ದೆ ಮಾಡಿ ಬಂದ್ ಮಾಡಿದ್ದು ರೊಕ್ಕ ಹಚ್ಚಿ ಆಡೂ ಆನ್‌ಲೈನ್ ಆಟ. ಅದ ಕಾಯ್ದೆದಾಗ ಇ-ಸ್ಪೋರ್ಟ್ಸಿಗೆ ಉತ್ತೇಜನ ಕೊಡಬೇಕು ಅಂತನೂ ಅದ. ಪೇಪರ್ ಪೂರಾ ಓದಬೇಕ್ರಿ. ನಮ್ಮ ವೈನಿ ನಡುವ ಧರ್ಮರಾಯನ್ನ ತಂದ್ರು. ಧರ್ಮರಾಯ ಪಣಾ ಹಚ್ಚಿ ಕೆಟ್ಟ. ಪಣಾ ಇಲ್ಲದ ಪಗಡಿ, ಚೌಕಾಬಾರಾ ಪಂಚಮಿಗೆ ನಾವು ವೈನಿ ಕೂಡಿ ಎಷ್ಟು ಆಡಿಲ್ಲ? ಆವಾಗ ಕವಡಿ ಬಚ್ಚಿಡ್ತಿದ್ದವರು ಯಾರು ಅಂತ ಇಲ್ಲೆ ಬರಿಯೂದಿಲ್ಲ.

ನನ್ನ ಮಗ ಆಡೂದು ಸಾಂಗ್ಸ್ ಆಫ್ ಕಾಂಕ್ವೆಸ್ಟ್ ಅಂತ. ಸ್ವೀಡನ್ನಿನ ಲಾವಾಪೋಶನ್ ಅನ್ನೋ ಕಂಪನಿದು, 2024ರ ಮೇ ತಿಂಗಳಾಗ ಪೂರ್ತಿ ಆಗಿ ಬಂತು. 1999ರ ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್ 3 ಅಂಥಾ ಹಳೇ ಆಟದ ಜಾಡು ಹಿಡದು ಮಾಡ್ಯಾರ. ಆ ಹಳೇದನ್ನ ನಮ್ಮ ದೊಡ್ಡಾವ ಕಾಲೇಜಿನಾಗ ಆಡ್ತಿದ್ದ. ಅವಗ ಈಗ ಎರಡು ಮಕ್ಕಳು, ಬ್ಯಾಂಕಿನಾಗ ಕೆಲಸ. ಏನು ಹಾಳಾಗ್ಯಾನ, ಹೇಳ್ರಿ?

ಬೈಯೂಕಿಂತ ಮೊದಲ ನೋಡೋಣು ಅಂತ ದೀಪಾವಳಿ ಸೂಟ್ಯಾಗ ನಾನೂ ಕೂತೆ. ಇದು ಪಾಳಿ ಮ್ಯಾಲ ಆಡೂ ಆಟ. ನಮ್ಮ ಸರದಾರ ಒಂದು ಪಾಳಿಗೆ ಇಷ್ಟ ಹೆಜ್ಜಿ ಅಂತ ನಡೀಬೇಕು; ದಾರ್ಯಾಗ ಬಂಗಾರ, ಕಟಿಗಿ, ಕಲ್ಲು ಕೂಡಿಸಬೇಕು, ಊರು ಕಟ್ಟಬೇಕು, ಸೈನ್ಯಾ ತುಂಬಬೇಕು. ಮಂತ್ರದ ಶಕ್ತಿ ಸೈನಿಕರ ಕಡಿಂದನ ಬರ್ತದ. ಎಂಥಾ ಮಂದಿನ್ನ ಕಟಗೊಂಡು ಹೋಗ್ತೀರೋ ಅಂಥಾ ಮಂತ್ರ. ಡಬ್ಬ್ಯಾಗ ಯಾವ ಬ್ಯಾಳಿ ಅದನೋ ಆ ಸಾರು ಮಾಡಿಧಂಗ. ನಾ ರಾಣಾ ಅನ್ನೋ ಕಪ್ಪಿ ಮಂದಿನ್ನ ತೊಗೊಂಡೆ. ಮೊದಲನೇ ಯುದ್ಧದಾಗನ ಸೋತೆ.

ಆದ್ರ ನನಗ ಹಿಡಿಸಿದ್ದು ಬ್ಯಾರೇನ ಅದ. ನಾ ಪಾಳಿ ಬಿಟ್ಟುಕೊಡೂ ತನಕಾ ವೈರಿ ಜಾಗಾ ಬಿಟ್ಟು ಅಳ್ಳಾಡೂದಿಲ್ಲ! ಕುಕ್ಕರ್ ಸೀಟಿ ಹೊಡೀತು, ಎದ್ದು ಹೋದೆ. ಗ್ಯಾಸಿನವ ಬಂದ. ಇವರು ಚಹಾ ಅಂದ್ರು. ಅರ್ಧಾ ತಾಸು ಬಿಟ್ಟು ಬಂದ್ರೂ ಎಲ್ಲಾ ಇಟ್ಟಲ್ಲೇ ಇತ್ತು. ಮೂವತ್ತೈದು ವರ್ಷ ಸಂಸಾರ ಮಾಡೇನಿ, ಹಾಲು ಕಾದಿಲ್ಲ, ನಳಾ ಕಾದಿಲ್ಲ, ಬಂದ ಬೀಗರಂತೂ ಕಾಯೂದ ಇಲ್ಲ. ಎಲ್ಲಾ ಅಕ್ಷರ ಇಂಗ್ಲಿಷ್, ಅದೂ ಸಣ್ಣವು, ಕನ್ನಡ ಇಲ್ಲ ಅಂತ ಸಿಟ್ಟು ಬಂತು. ಆದ್ರೂ ಯಾರೂ ಗಡಿಬಿಡಿ ಮಾಡಲಿಲ್ಲ ಅಂತ ನನ್ನ ಪಿಯುಸಿ ಇಂಗ್ಲಿಷಿನಾಗ ಕೂಡಿಸಿಕೊಂಡು ಓದಿದೆ. ಗಂಡಸರು ಕಟ್ಟಿ ಮ್ಯಾಲ ಮಧ್ಯಾಹ್ನ ಪೂರಾ ಇಸ್ಪೀಟು ಒಗೀತಾರ, ಅದು ಬ್ಯಾಸರಿಕಿ ಕಳೆಯೂದು. ನಾ ತಾಸು ಕೂತ್ರ "ಈ ವಯಸ್ಸಿನಾಗ!" ಅಂತ ನಗು.

ಒಂದು ಮಾತು ಒಪ್ಪಿಕೋತೇನಿ. "ಇನ್ನೊಂದ ಪಾಳಿ" ಅನ್ನೂದು ಕೆಟ್ಟ ರೋಗ. ಒಂದಿನ ನನಗ ರಾತ್ರಿ ಹನ್ನೆರಡಾತು, ಮರುದಿನ ಹೆಪ್ಪು ಹಾಕೂದ ಮರತಿದ್ದೆ ಅಂತ ಗೊತ್ತಾತು. ಮಗಗೂ ಹತ್ತೂವರಿಗೆ ಬಂದ್ ಅಂತ ಹೇಳೇನಿ, ಕೇಳ್ತಾನ. ನಾನ ಒಮ್ಮೊಮ್ಮೆ ಕೇಳೂದಿಲ್ಲ.

ಹುಡುಗಿ ತಾಯಿಗೂ ಇಷ್ಟೂ ಹೇಳೇನಿ. ಹೊರಗಿನ ಮಾತು ಕೇಳಬ್ಯಾಡ್ರಿ, ಅವ ಆಡೂ ಮುಂದನ ಬಂದು ಬಾಜೂಕ ಕೂಡ್ರಿ, ನೋಡ್ರಿ, ಆಮ್ಯಾಲ ಹೂಂ ಅನ್ರಿ, ಊಹೂಂ ಅನ್ರಿ ಅಂದೆ. ರವಿವಾರ ಬರ್ತಾರ. ಅವಲಕ್ಕಿ ಹಚ್ಚಿಟ್ಟೇನಿ.